ಕ್ಯಾಮೆರಾ ಯಾರ ಪಕ್ಕ ನಿಂತಿದೆ?

ಕಳೆದ ವಾರ ‘ದಿ ಸೈಲೆನ್ಸ್ ಆಫ್ ದಿ ಲ್ಯಾಂಬ್ಸ್’ ಬಗ್ಗೆ ಬರೆದ ಮೇಲೆ ನಮ್ಮ ಧರ್ಮಪುರದ ಓದುಗರು ಸುಮ್ಮನೆ ಕೂತಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕವರು, ಸಂತೆಯಲ್ಲಿ ಅಡ್ಡ ನಿಲ್ಲಿಸಿ ಮಾತಾಡಿಸಿದವರು, ಎಲ್ಲರದೂ ಒಂದೊಂದು ತೀರ್ಪು. ಕಾದಂಬರಿ ಓದಿಕೊಂಡವರೊಬ್ಬರು, ‘ಪುಸ್ತಕದ ಅರ್ಧ ಸಿನಿಮಾದಲ್ಲಿ ಇಲ್ಲವೇ ಇಲ್ಲ’ ಎಂದರು. ಕಾಲೇಜು ಹುಡುಗರದು ಒಂದೇ ಮಾತು: ‘ಹ್ಯಾನಿಬಲ್ ಲೆಕ್ಟರ್ ಸೂಪರ್ ಸಾರ್, ಉಳಿದವರೆಲ್ಲ ಡಮ್ಮಿ.’ ನಿವೃತ್ತ ಮೇಷ್ಟ್ರೊಬ್ಬರು ಮಾತ್ರ ಮುಖ ಗಂಟಿಕ್ಕಿ ಕೇಳಿದರು: ‘ಕೊಲೆಗಡುಕರ ಕಥೆ ಯಾಕಪ್ಪಾ ಬರೀಬೇಕು, ಯಾಕೆ ನೋಡಬೇಕು?’

ಈ ವಾರ ‘ಸೈಕೋ’ ಕಾದಂಬರಿ ಮತ್ತು ಚಿತ್ರವನ್ನು ಪಕ್ಕಪಕ್ಕ ಇಟ್ಟು ನೋಡೋಣ ಎಂದು ಮಾತು ಕೊಟ್ಟಿದ್ದೆ. ಅದಕ್ಕೆ ಮೊದಲು ಈ ಮಾತುಗಳಿಗೆ ಉತ್ತರ ಕೊಡಬೇಕು.

ಮೊದಲು ಪುಸ್ತಕದ ಪಕ್ಷದವರಿಗೆ. ಥಾಮಸ್ ಹ್ಯಾರಿಸ್ ಕಾದಂಬರಿ ಬಂದದ್ದು 1988ರಲ್ಲಿ, ಜೊನಾಥನ್ ಡೆಮಿ ಚಿತ್ರ 1991ರಲ್ಲಿ. ಚಿತ್ರಕಥೆ ಟೆಡ್ ಟ್ಯಾಲಿಯದು. ಪುಸ್ತಕದಲ್ಲಿ ಎಫ್‌ಬಿಐ ಅಧಿಕಾರಿ ಕ್ರಾಫರ್ಡ್‌ನ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಸಾವಿನ ಅಂಚಿನಲ್ಲಿದ್ದಾಳೆ. ಹಗಲೆಲ್ಲ ಕೊಲೆಗಾರನ ಬೆನ್ನು ಹತ್ತುವ ಮನುಷ್ಯ ಮನೆಗೆ ಬಂದು ಆಕೆಯ ಆರೈಕೆ ಮಾಡುತ್ತಾನೆ. ಆ ಪುಟಗಳು ಮನಸ್ಸನ್ನು ಹಿಂಡುತ್ತವೆ. ಟ್ಯಾಲಿ ಅದನ್ನು ಪೂರ್ತಿ ತೆಗೆದುಹಾಕಿದ. ನಷ್ಟವೇ ಹೌದು. ಆದರೂ ತೆಗೆದದ್ದು ಸರಿ. ಕಾದಂಬರಿ ನಾಲ್ಕಾರು ಮಂದಿಯ ತಲೆಯೊಳಗೆ ಓಡಾಡಬಹುದು. ಎರಡು ಗಂಟೆಯ ಸಿನಿಮಾ ಒಬ್ಬರ ಕೈ ಹಿಡಿದು ನಡೆದರೆ ಮಾತ್ರ ಊರು ಸೇರುತ್ತದೆ. ಡೆಮಿ ಹಿಡಿದದ್ದು ಇನ್ನೂ ತರಬೇತಿಯಲ್ಲಿರುವ ಕ್ಲಾರಿಸ್ ಸ್ಟಾರ್ಲಿಂಗ್‌ಳ ಕೈಯನ್ನು.

ಹಿಡಿದದ್ದು ಹೇಗೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಆರಂಭದಲ್ಲೇ ಆಕೆ ಲಿಫ್ಟಿನೊಳಗೆ ಹೋಗುತ್ತಾಳೆ. ಸುತ್ತಲೂ ಕೆಂಪು ಅಂಗಿಯ ಎತ್ತರದ ಗಂಡಾಳುಗಳು, ನಡುವೆ ಗಿಡ್ಡ ಹುಡುಗಿ ಒಬ್ಬಳೇ. ಒಂದು ಮಾತಿಲ್ಲ. ಆಮೇಲೆ ಗಮನಿಸಿ: ಕ್ಲಾರಿಸ್ ಜೊತೆ ಮಾತಾಡುವ ಗಂಡಸರು ಮತ್ತೆಮತ್ತೆ ನೇರ ಕ್ಯಾಮೆರಾದೊಳಗೇ ದಿಟ್ಟಿಸುತ್ತಾರೆ. ಜೈಲಿನ ಆಸ್ಪತ್ರೆಯ ಡಾಕ್ಟರು, ಮೇಲಧಿಕಾರಿ, ಸೆರೆಯಲ್ಲಿರುವ ಕೊಲೆಗಾರ ಲೆಕ್ಟರ್, ಎಲ್ಲರ ಕಣ್ಣೂ ನಮ್ಮ ಮೇಲೆ. ಆಕೆ ಮಾತಾಡುವಾಗ ಮಾತ್ರ ನೋಟ ಕ್ಯಾಮೆರಾದ ಅಂಚಿಗೆ ಸರಿಯುತ್ತದೆ. ಹೀಗಾಗಿ ಆ ದಿಟ್ಟಿಸುವಿಕೆಯನ್ನು ತಡೆದುಕೊಳ್ಳುವ ಪಾಳಿ ನಮ್ಮದೂ ಆಗುತ್ತದೆ. ಹೆಣ್ಣುಮಗಳೊಬ್ಬಳು ದಿನವಿಡೀ ಹೊತ್ತು ತಿರುಗುವ ಭಾರ ಇದು. ಗಂಡಸರಿಗೆ ಇದನ್ನು ಭಾಷಣದಲ್ಲಿ ತಿಳಿಸುವುದು ಕಷ್ಟ. ಡೆಮಿ ಕ್ಯಾಮೆರಾ ಇಟ್ಟ ಜಾಗದಿಂದಲೇ ತಿಳಿಸಿದ.

ಇನ್ನೊಂದು ದೃಶ್ಯ, ನನ್ನ ಮಟ್ಟಿಗೆ ಇಡೀ ಚಿತ್ರದ ಜೀವ. ವೆಸ್ಟ್ ವರ್ಜೀನಿಯಾದ ಸಣ್ಣ ಊರಿನಲ್ಲಿ ನದಿಯಿಂದ ಎತ್ತಿದ ಹುಡುಗಿಯೊಬ್ಬಳ ಶವ. ಕೋಣೆಯ ತುಂಬ ಪೊಲೀಸರು ತುಂಬಿಕೊಂಡಿದ್ದಾರೆ. ಕ್ಲಾರಿಸ್ ಅವರಿಗೆ ವಿನಯದಿಂದ ಕೃತಜ್ಞತೆ ಹೇಳಿ, ಇನ್ನು ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ ಎಂದು ಹೊರಗೆ ಕಳಿಸುತ್ತಾಳೆ. ಆಮೇಲೆ ಪರೀಕ್ಷೆ. ಕಿವಿಯಲ್ಲಿ ಮೂರು ಮೂರು ತೂತು ಚುಚ್ಚಿಸಿದ್ದಾಳೆ, ಉಗುರಿಗೆ ಮಿನುಗುವ ಬಣ್ಣ ಹಚ್ಚಿದ್ದಾಳೆ, ಪಟ್ಟಣದ ಹುಡುಗಿ ಇರಬೇಕು ಎನ್ನುತ್ತಾಳೆ. ಸುತ್ತಲಿದ್ದವರಿಗೆ ಅದೊಂದು ಹೆಣ. ಆಕೆಗೆ ಮಾತ್ರ ಕನ್ನಡಿ ಮುಂದೆ ಕೂತು ಉಗುರಿಗೆ ಬಣ್ಣ ಹಚ್ಚಿಕೊಂಡ ಒಬ್ಬಳು ಹುಡುಗಿ. ಗಂಟಲೊಳಗೆ ಸಿಕ್ಕ ಪತಂಗದ ಗೂಡು ಪತ್ತೇದಾರಿಕೆಗೆ ಸುಳಿವು. ಆ ಉಗುರು ಬಣ್ಣ ಚಿತ್ರದ ಧರ್ಮಕ್ಕೆ ಸುಳಿವು.

ಈಗ ಕಾಲೇಜು ಹುಡುಗರಿಗೆ. ಲೆಕ್ಟರ್ ಪಾತ್ರದ ಆಂಥನಿ ಹಾಪ್ಕಿನ್ಸ್ ಸುಮಾರು ಎರಡು ಗಂಟೆಯ ಈ ಚಿತ್ರದಲ್ಲಿ ತೆರೆಯ ಮೇಲೆ ಇರುವುದು ಇಪ್ಪತ್ತೈದು ನಿಮಿಷಕ್ಕೂ ಕಡಿಮೆ. ಅಷ್ಟರಲ್ಲೇ ಆಸ್ಕರ್ ಗೆದ್ದ ನಿಜ. 1992ರಲ್ಲಿ ಚಿತ್ರ, ನಿರ್ದೇಶನ, ನಟ, ನಟಿ, ಚಿತ್ರಕಥೆ, ಐದೂ ದೊಡ್ಡ ಪ್ರಶಸ್ತಿಗಳು ಈ ಚಿತ್ರದ ಪಾಲಾದವು. ಆದರೆ ಲೆಕ್ಟರ್ ಅಷ್ಟು ಎತ್ತರ ಕಾಣುವುದು ಎದುರಿಗೆ ಕ್ಲಾರಿಸ್ ಆಗಿ ಜೋಡಿ ಫಾಸ್ಟರ್ ನಿಂತಿರುವುದರಿಂದ. ಆಕೆಯ ಹೆದರಿಕೆ, ಹಟ, ಉಗುಳು ನುಂಗಿಕೊಂಡು ಮತ್ತೆ ಪ್ರಶ್ನೆ ಕೇಳುವ ಧೈರ್ಯ ಇಲ್ಲದಿದ್ದರೆ ಗಾಜಿನ ಹಿಂದೆ ನಿಂತವನು ಬರೀ ಮಾತುಗಾರ. ಕಳೆದ ವಾರವೇ ಇದನ್ನು ಬರೆದಿದ್ದೆ, ಈ ವಾರವೂ ಬರೆಯುತ್ತೇನೆ, ಮುಂದೆಯೂ ಬಿಡುವವನಲ್ಲ.

ಈ ಚಿತ್ರಕ್ಕೆ ಅಮೆರಿಕದ ನೋಡುಗರಿಂದಲೇ ಬಂದ ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. ಹೆಣ್ಣಾಗಬಯಸುವ ಗಂಡಸನ್ನು ರಾಕ್ಷಸನನ್ನಾಗಿ ತೋರಿಸಿದ್ದೀರಿ ಎಂದು ಜನ ಬೀದಿಗಿಳಿದು ಪ್ರತಿಭಟಿಸಿದರು. ಕ್ಲಾರಿಸ್ ಬೆನ್ನು ಹತ್ತುವ ಕೊಲೆಗಾರ ಬಫಲೋ ಬಿಲ್ ನಿಜವಾದ ಲಿಂಗಪರಿವರ್ತಿತನಲ್ಲ ಎಂದು ಕಾದಂಬರಿ ಬಿಡಿಸಿ ಹೇಳುತ್ತದೆ. ಚಿತ್ರದಲ್ಲಿ ಅದು ಒಂದೆರಡು ಮಾತಿನಲ್ಲಿ ಮುಗಿದುಹೋಗುತ್ತದೆ. ಮೊದಲೇ ಸಮಾಜ ದೂರ ಇಟ್ಟವರ ಮೇಲೆ ಇನ್ನೊಂದು ಅನುಮಾನ ಹೊರಿಸಿದಂತಾಯಿತು. ‘ಪುಸ್ತಕದ ಅರ್ಧ ಇಲ್ಲ’ ಎನ್ನುವವರು ಇದನ್ನು ಎತ್ತಿ ಹೇಳಿದರೆ ನಾನೂ ಅವರ ಪಕ್ಷ.

ನನ್ನ ಹಳೆಯ ಜಗಳ ಇರುವುದು ನಮ್ಮಲ್ಲೇ ಬೆಳೆದಿರುವ ಇನ್ನೊಂದು ಪಂಥದ ಜೊತೆ. 2012ರ ‘ದಂಡುಪಾಳ್ಯ’ ಗೆದ್ದ ಮೇಲೆ ‘ರಾ ಆಗಿ ತೋರಿಸ್ತೀವಿ’ ಎನ್ನುವುದೇ ಒಂದು ಬಿರುದಾಯಿತು. ಕತ್ತು ಕೊಯ್ಯುವುದನ್ನು ಉದ್ದಕ್ಕೆ ತೋರಿಸಿ, ಸತ್ತವರಿಗೆ ಒಂದು ಹೆಸರೂ ಕೊಡದೆ ಮುಂದಿನ ಮನೆಗೆ ನುಗ್ಗುವುದನ್ನು ವಾಸ್ತವ ಎನ್ನುತ್ತಾರೆ. ಬಾಗಿಲು ಬಡಿದವನ ಹೆಗಲ ಮೇಲೆ ಕ್ಯಾಮೆರಾ ಕೂತರೆ ಒಳಗಿದ್ದವಳು ಬೇಟೆಯಷ್ಟೇ. ಕನ್ನಡದಲ್ಲಿ ಥ್ರಿಲ್ಲರ್‌ಗೆ ಬೇರೆ ದಾರಿ ಇಲ್ಲದಿರಲಿಲ್ಲ. ಸುನೀಲ್ ಕುಮಾರ್ ದೇಸಾಯಿ 1989ರಲ್ಲೇ ಒಂದು ಹಾಡೂ ಇಲ್ಲದ ‘ತರ್ಕ’ ಮಾಡಿ ನೋಡುಗರನ್ನು ಕುರ್ಚಿಯ ತುದಿಗೆ ಕೂರಿಸಿದರು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಕನ್ನಡ ಕಲಿತ ತಲೆಮಾರೇ ನಮ್ಮ ಸೀಮೆಯಲ್ಲಿದೆ. ಅಲ್ಲಿ ಓದುಗ ಹೆಜ್ಜೆ ಹಾಕುತ್ತಿದ್ದದ್ದು ಹುಡುಕುವವನ ಜೊತೆ.

ಇನ್ನು ‘ಸೈಕೋ’. ರಾಬರ್ಟ್ ಬ್ಲಾಕ್ ಕಾದಂಬರಿ 1959ರದು, ಹಿಚ್‌ಕಾಕ್ ಚಿತ್ರ 1960ರದು. ಪುಸ್ತಕದ ನಾರ್ಮನ್ ಬೇಟ್ಸ್ ನಡುವಯಸ್ಸಿನ, ಬೊಜ್ಜು ಮೈಯ, ಕುಡುಕ. ಹಿಚ್‌ಕಾಕ್ ಅವನನ್ನು ತೆಳ್ಳಗಿನ, ನಾಚಿಕೆ ಸ್ವಭಾವದ, ನೋಡಿದರೆ ಅಯ್ಯೋ ಪಾಪ ಎನಿಸುವ ಆಂಥನಿ ಪರ್ಕಿನ್ಸ್ ಮಾಡಿದ. ಇದಕ್ಕೆಲ್ಲ ಮೂಲ ವಿಸ್ಕಾನ್ಸಿನ್‌ನ ಪ್ಲೇನ್‌ಫೀಲ್ಡ್ ಎಂಬ ಹಳ್ಳಿಯಲ್ಲಿ 1957ರಲ್ಲಿ ಸಿಕ್ಕಿಬಿದ್ದ ಕೊಲೆಗಾರ ಎಡ್ ಗೀನ್. ಲೆಕ್ಟರ್ ಕಥೆಯ ಬಫಲೋ ಬಿಲ್‌ನಲ್ಲೂ ಗೀನ್‌ನ ಅಂಶವಿದೆ. ಆಗ ಬ್ಲಾಕ್ ವಾಸವಿದ್ದದ್ದು ಪ್ಲೇನ್‌ಫೀಲ್ಡಿಗೆ ಹತ್ತಿರದ ಇನ್ನೊಂದು ಸಣ್ಣ ಊರಲ್ಲಿ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಪಕ್ಕದ ಮನೆಯವನೇ ಅಂಥವನು ಎಂದು ಒಬ್ಬರಿಗೂ ಗೊತ್ತಾಗಲಿಲ್ಲವಲ್ಲ ಎಂಬ ಬೆರಗೇ ಬ್ಲಾಕ್‌ನಿಂದ ಕಾದಂಬರಿ ಬರೆಸಿತು.

ಇಲ್ಲಿಗೆ ಬಂದ ಮೇಲೆ ನನಗೆ ವಿಸ್ಕಾನ್ಸಿನ್‌ನಲ್ಲಿ ನಿಲ್ಲಲು ಆಗುವುದಿಲ್ಲ. ಅತ್ಯಾಚಾರ, ಕೊಲೆಗಳ ಅಪರಾಧಿ ಉಮೇಶ್ ರೆಡ್ಡಿ ನಮ್ಮ ಹಿರಿಯೂರು ತಾಲ್ಲೂಕಿನವನೇ. ಸಿಆರ್‌ಪಿಎಫ್‌ನಲ್ಲಿದ್ದು, ಆಮೇಲೆ 1996ರಲ್ಲಿ ಚಿತ್ರದುರ್ಗದ ಜಿಲ್ಲಾ ಸಶಸ್ತ್ರ ಮೀಸಲು ಪಡೆ ಸೇರಿ, ಖಾಕಿ ತೊಟ್ಟವನು. ಹಗಲು ಹೊತ್ತಿನಲ್ಲಿ, ಗಂಡಸರು ಕೆಲಸಕ್ಕೆ ಹೋದ ಮೇಲೆ, ನೀರು ಕೇಳುವ ಇಲ್ಲವೇ ವಿಳಾಸ ಕೇಳುವ ನೆಪದಲ್ಲಿ ಬಾಗಿಲು ತಟ್ಟುತ್ತಿದ್ದ. ಬಾಯಾರಿ ಬಂದವರಿಗೆ ನೀರು ಇಲ್ಲವೆನ್ನಬಾರದು ಎಂಬುದು ಈ ಬಯಲು ಸೀಮೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಕಲಿಸಿದ ನಡತೆ. ಅವನು ಆ ನಡತೆಯನ್ನೇ ಬಳಸಿಕೊಂಡ. ಪೊಲೀಸರ ಕೈಯಿಂದ ತಪ್ಪಿಸಿಕೊಂಡು ಬೇರೆ ಊರುಗಳಲ್ಲೂ ಅದನ್ನೇ ಮಾಡಿದ. 1998ರಲ್ಲಿ ಬೆಂಗಳೂರಿನಲ್ಲಿ ನಡೆದ ಕೊಲೆಗೆ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ವರ್ಷಗಟ್ಟಲೆ ಕಾನೂನು ಮೀರಿ ಏಕಾಂತ ಸೆರೆಯಲ್ಲಿ ಇಟ್ಟಿದ್ದನ್ನು ಗಮನಿಸಿದ ಸುಪ್ರೀಂ ಕೋರ್ಟ್ 2022ರ ನವೆಂಬರಿನಲ್ಲಿ ಅದನ್ನು ಕನಿಷ್ಠ 30 ವರ್ಷದ ಜೀವಾವಧಿಗೆ ಇಳಿಸಿತು.

ಇವನನ್ನು ಕುರಿತು 2013ರಲ್ಲಿ ‘ಖತರ್ನಾಕ್’ ಎಂಬ ಚಿತ್ರ ಬಂತು. ಕಥೆ ಪೂರ್ತಿ ಅವನದೇ. ಆದರೆ ಈ ಪ್ರಕರಣದಲ್ಲಿ ನನ್ನನ್ನು ಬಿಡದೆ ಕಾಡುವವರು ಬೇರೆ. ಚಿತ್ರದುರ್ಗದಲ್ಲಿ ಅವನ ಕೈಗೆ ಸಿಕ್ಕ ಒಬ್ಬ ಶಾಲಾ ಹುಡುಗಿ ಬಿಡಿಸಿಕೊಂಡು ಪಾರಾದಳು. 1997ರ ಗಣರಾಜ್ಯೋತ್ಸವದ ದಿನ ಪೊಲೀಸ್ ಮೈದಾನದಲ್ಲಿ ಪರೇಡ್ ನಡೆಯುತ್ತಿತ್ತು. ಸಾಲಾಗಿ ಹೆಜ್ಜೆ ಹಾಕುತ್ತಿದ್ದ ಸಮವಸ್ತ್ರಗಳ ನಡುವೆ ಆಕೆ ಆ ಮುಖವನ್ನು ಗುರುತಿಸಿದಳು. ಗುರುತಿಸಿ ಹೇಳಿದಳು.

ಯೋಚಿಸಿ ನೋಡಿ. ಎಲ್ಲರೂ ಎದ್ದು ನಿಂತು ಗೌರವ ಕೊಡುವ ಸಾಲಿನಲ್ಲಿ ಅವನಿದ್ದಾನೆ. ಹೇಳಬೇಕಾದದ್ದು ಪೊಲೀಸರಿಗೆ, ಪೊಲೀಸಿನವನ ಮೇಲೆ. ಹುಡುಗಿಯರು ಇಂಥದ್ದನ್ನು ಬಾಯಿಬಿಟ್ಟರೆ ಮನೆಯ ಮರ್ಯಾದೆ ಹೋಯಿತು ಎಂದು ಹಲ್ಲು ಕಚ್ಚುತ್ತಿದ್ದ ಕಾಲ ಅದು. ಲಿಫ್ಟಿನಲ್ಲಿ ಗಂಡಸರ ನಡುವೆ ನಿಂತ ಕ್ಲಾರಿಸ್‌ಗೆ ಕೊನೆಪಕ್ಷ ಒಂದು ಇಲಾಖೆಯ ಬೆಂಬಲವಿತ್ತು. ಈ ಹುಡುಗಿಯ ಹತ್ತಿರ ಇದ್ದದ್ದು ನೆನಪು ಮತ್ತು ಎದೆಗಾರಿಕೆ ಎರಡೇ. ನಮ್ಮ ಜಿಲ್ಲೆಯ ಈ ಕಥೆಗೆ ನಾಯಕಿ ಇದ್ದಾಳೆ, ಆಕೆಯ ಪಕ್ಕದಲ್ಲಿ ಕ್ಯಾಮೆರಾ ಇಟ್ಟವರಿಲ್ಲ.

ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಕೊಲೆಗಾರನ ಕೈಚಳಕ ನೋಡುವುದಕ್ಕಾದರೆ ಇಂಥ ಕಥೆ ಬೇಡವೇ ಬೇಡ. ಗುರುತಿಸಿದವಳು, ಬಿಡಿಸಿಕೊಂಡವಳು, ಹುಡುಕಿದವಳು ಹೇಗಿದ್ದಳು ಎಂದು ತಿಳಿಯುವುದಕ್ಕೆ ಬೇಕು. ಅಂಥ ಕಣ್ಣು ದುರ್ಗಕ್ಕೆ ಹೊಸದಲ್ಲ. 1972ರಲ್ಲಿ ಪುಟ್ಟಣ್ಣ ಕಣಗಾಲ್ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಮಾಡಿದಾಗ, ಮೂಲ ಲೇಖಕರಿಗೇ ಅದು ರುಚಿಸಲಿಲ್ಲ, ನಾಗರವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಜನ ಮಾತ್ರ ಮುಗಿಬಿದ್ದು ನೋಡಿದರು. ಅದೇ ಚಿತ್ರದಲ್ಲಿ ಜಯಂತಿ ಓಬವ್ವನಾಗಿ ಬರುತ್ತಾರೆ. ಕಿಂಡಿಯಲ್ಲಿ ಹೈದರನ ಸೈನಿಕರು ನುಸುಳುವಾಗ ಪುಟ್ಟಣ್ಣ ನಮ್ಮನ್ನು ನಿಲ್ಲಿಸಿದ್ದು ಒನಕೆ ಹಿಡಿದವಳ ಪಕ್ಕದಲ್ಲಿ. ಲೇಖಕರೂ ನೋಡುಗರೂ ಬೇರೆ ಯಾವ ವಿಷಯಕ್ಕೆ ಜಗಳವಾಡಿದರೂ ಆ ಜಾಗ ತಪ್ಪು ಎಂದವರನ್ನು ನಾನು ಕಂಡಿಲ್ಲ.

ಆದ್ದರಿಂದ ನಮ್ಮ ತಾಲ್ಲೂಕಿನಲ್ಲಿ ಕಥೆ ಬರೆಯುವ ಹುಡುಗ ಹುಡುಗಿಯರಲ್ಲಿ ನನ್ನ ಕೋರಿಕೆ: ಆ ಪರೇಡಿನ ಬೆಳಗಿನಿಂದ ಒಂದು ಕಾದಂಬರಿ ಶುರು ಮಾಡಿ. ಹುಡುಗಿಯ ನಿಜ ಹೆಸರು, ಮನೆ, ಬೀದಿ ಯಾವುದೂ ಬೇಡ, ಅದು ಆಕೆಯ ಸ್ವತ್ತು. ಕೊಲೆಗಾರನಿಗೆ ಬೇಕಾದರೆ ಇಪ್ಪತ್ತೈದು ಪುಟ ಕೊಡಿ, ಹೆಚ್ಚಾಯಿತೆಂದರೆ ಕತ್ತರಿಸಿ. ಪುಸ್ತಕ ಮೊದಲು ಬರಲಿ, ಸಿನಿಮಾದವರು ಆಮೇಲೆ ತಾವಾಗಿ ಹುಡುಕಿಕೊಂಡು ಬರುತ್ತಾರೆ. ‘ಸೈಕೋ’ದ ಬಚ್ಚಲುಮನೆಯ ದೃಶ್ಯಕ್ಕೆ ಮುಂದಿನ ವಾರ ಹೋಗೋಣ.