ಕಿಟಕಿಯ ಆಚೆಗಿನ ಕಂಪ್ಯೂಟರ್

ರಾಯಚೂರು ಜಿಲ್ಲೆಯ ಮಸ್ಕಿಯನ್ನು ಜಗತ್ತು ಗುರುತಿಸುವುದು ಒಂದು ಬಂಡೆಯಿಂದ. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರ್ ಸಿ. ಬೀಡನ್ ಅದರ ಮೇಲಿನ ಬರಹವನ್ನು ಪತ್ತೆ ಹಚ್ಚಿದರು. 'ದೇವಾನಾಂಪ್ರಿಯ' ಎಂದು ಶಾಸನಗಳಲ್ಲಿ ಕರೆಸಿಕೊಂಡ ಅರಸ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಇಷ್ಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆದರೆ ಆ ಶಾಸನ ಏನು ಹೇಳುತ್ತದೆಂದು ಕೇಳಿದವರು ಕಡಿಮೆ. ಶ್ರೇಯಸ್ಸು ದೊಡ್ಡವರಿಗೆ ಮಾತ್ರ ಸಿಗುವಂಥದ್ದೆಂದು ಭಾವಿಸಬಾರದು, ಸಣ್ಣವರೂ ಅದನ್ನು ಪಡೆಯಬಲ್ಲರು, ಈ ಮಾತನ್ನು ಇಬ್ಬರಿಗೂ ತಿಳಿಸಬೇಕು ಎಂಬುದು ಅದರ ಸಾರ.

ಇಂದು ಉದ್ಯೋಗ ಮತ್ತು ವ್ಯವಹಾರದ ಹಲವು ಬಾಗಿಲುಗಳು ತೆರೆಯುವುದು ಕಂಪ್ಯೂಟರಿನ ಮೂಲಕ. ಅದು ಮಸ್ಕಿಯ ಸಣ್ಣವರಿಗೆ ತಲುಪಿದೆಯೇ? ವಿದೇಶದ ಅನೇಕ ನಗರಗಳಲ್ಲಿ ಪೇಟೆಯ ಮಧ್ಯೆ ಪಾಳುಬಿದ್ದ ಗಿರಣಿ, ಗೋದಾಮು, ಮಳಿಗೆಗಳನ್ನು ದುರಸ್ತಿ ಮಾಡಿ ತಂತ್ರಜ್ಞಾನ ಕಲಿಕೆಯ ಕೇಂದ್ರಗಳನ್ನಾಗಿಸುವ ಪ್ರಯತ್ನಗಳು ನಡೆದಿವೆ. ಈ ವಿಚಾರವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಕಟ್ಟಡಕ್ಕೆ ಸುಣ್ಣಬಣ್ಣ ಬಳಿದು, ನಾಲ್ಕು ಯಂತ್ರ ಇಟ್ಟು, ರಿಬ್ಬನ್ ಕತ್ತರಿಸಿದ ಮಾತ್ರಕ್ಕೆ ಅವಕಾಶ ಹಂಚಿಕೆಯಾಗುವುದಿಲ್ಲ ಎಂಬುದನ್ನು ನಮ್ಮದೇ ಅನುಭವ ಹೇಳುತ್ತದೆ.

2000ದ ದಶಕದ ಆರಂಭದಲ್ಲಿ ಕರ್ನಾಟಕವು 'ಭೂಮಿ' ಯೋಜನೆಯಿಂದ ದೇಶದ ಗಮನ ಸೆಳೆಯಿತು. ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರ್ ಸೇರಿದವು. ಗ್ರಾಮ ಲೆಕ್ಕಿಗರ ಬೆನ್ನು ಹತ್ತಿ ಅಲೆಯುತ್ತಿದ್ದ ರೈತ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ಕೊಟ್ಟು ಪಹಣಿ ಪಡೆದ. ಇದು ಸಣ್ಣ ಸಾಧನೆಯಲ್ಲ. ಬಳಿಕ ನೆಮ್ಮದಿ ಕೇಂದ್ರ ಬಂತು, 2012ರಲ್ಲಿ ಅಟಲ್‌ಜೀ ಜನಸ್ನೇಹಿ ಕೇಂದ್ರ, 2022ರಲ್ಲಿ ಗ್ರಾಮ ಒನ್. ಹೆಸರು ಬದಲಾಯಿತು, ಫಲಕ ಬದಲಾಯಿತು. ಕಿಟಕಿ ಮಾತ್ರ ಬದಲಾಗಲಿಲ್ಲ. ಕಂಪ್ಯೂಟರ್ ಅದರ ಆಚೆಗಿತ್ತು, ಜನ ಈಚೆಗಿದ್ದರು. 2023ರ ಜುಲೈಯಲ್ಲಿ ಗೃಹಲಕ್ಷ್ಮಿ ನೋಂದಣಿ ಆರಂಭವಾದಾಗ ನಮ್ಮ ತಾಯಂದಿರು, ಅಕ್ಕಂದಿರು ನಿಂತದ್ದೂ ಅದೇ ಕಿಟಕಿಯ ಮುಂದೆ. 20 ವರ್ಷಗಳ ತಂತ್ರಜ್ಞಾನ ಅವರಿಗೆ ಸೌಲಭ್ಯ ಕೊಟ್ಟಿತು, ಕೀಲಿಮಣೆ ಕೊಡಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಇತ್ತು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2002ರಲ್ಲಿ 'ಅಕ್ಷಯ' ಯೋಜನೆ ಆರಂಭವಾದಾಗ ಅದರ ಮೊದಲ ಗುರಿ ಅರ್ಜಿ ತುಂಬಿಸಿಕೊಡುವುದಾಗಿರಲಿಲ್ಲ. ಪ್ರತಿ ಮನೆಯ ಒಬ್ಬರಿಗಾದರೂ ಕಂಪ್ಯೂಟರ್ ಬಳಕೆ ಕಲಿಸುವುದಾಗಿತ್ತು. ಪಂಚಾಯತ್‌ಗಳು ಕೈಜೋಡಿಸಿದವು. ಊರಿನವರೇ ಕೇಂದ್ರಗಳನ್ನು ನಡೆಸಿದರು. ಮೊದಲು ಕಲಿಕೆ, ಆಮೇಲೆ ಸೇವೆ ಎಂಬ ಈ ಕ್ರಮವೇ ಎಲ್ಲ ವ್ಯತ್ಯಾಸವನ್ನೂ ಮಾಡಿತು.

ಮಸ್ಕಿಯ ಸಂಕಷ್ಟ ಇನ್ನೊಂದು ಬಗೆಯದು. 2017ರ ಬಜೆಟ್‌ನಲ್ಲಿ ಘೋಷಿಸಲಾದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. 2019ರಲ್ಲಿ ಗ್ರಾಮ ಪಂಚಾಯತ್ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. ಮುಂದೆ ಅವು 'ಅರಿವು ಕೇಂದ್ರ'ಗಳಾಗಿ, ಅನೇಕ ಕಡೆ ಡಿಜಿಟಲ್ ಉಪಕರಣಗಳನ್ನೂ ಪಡೆದವು. ಪಟ್ಟಣಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಇತ್ತ ಬೆಂಗಳೂರಿನಾಚೆಗೆ ಉದ್ಯಮ ಒಯ್ಯುವ ಯೋಜನೆಗಳು ಮೈಸೂರು, ಮಂಗಳೂರು, ಹುಬ್ಬಳ್ಳಿಗಳ ಹೆಸರು ಹೇಳುತ್ತವೆ. ರಾಯಚೂರಿನಲ್ಲಿ 2019ರಲ್ಲಿ ಟ್ರಿಪಲ್ ಐಟಿ ಬಂತು, ಸಂತೋಷ. ಆದರೆ ಜೆಇಇ ದಾಟಿದವರಿಗೆ ಮಾತ್ರ ಅದರ ಬಾಗಿಲು. ಅದಕ್ಕೂ ಮೊದಲಿನ ಮೆಟ್ಟಿಲು ಯಾರು ಕಟ್ಟಬೇಕು? ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಮೇಲ್ಭಾಗದಲ್ಲಿ ನೀರು ತುಂಬಿ ಹರಿಯುತ್ತಿರುತ್ತದೆ, ಕೊನೆಯ ಹೊಲ ಕಾಯುತ್ತಿರುತ್ತದೆ.

ಹಣವಿಲ್ಲ ಎಂಬ ಸಬೂಬನ್ನು ನಾವು ಒಪ್ಪುವುದಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯೊಂದಿಗೆ ಶೇಕಡ 6ರಷ್ಟು ಗ್ರಂಥಾಲಯ ಕರ ವಸೂಲಾಗುತ್ತದೆ. ಮನೆ ತೆರಿಗೆ ಕಟ್ಟುವವರೆಲ್ಲ ಅದನ್ನು ಕಟ್ಟುತ್ತಿದ್ದಾರೆ. ಆ ಹಣ ಎಷ್ಟು ಬಂತು, ಎಲ್ಲಿಗೆ ಹೋಯಿತು ಎಂದು ಕೇಳುವುದು ಅವರ ಹಕ್ಕು.

ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿ ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಸೀಮೆಯ ಪೇಟೆಗಳಲ್ಲಿ ಮಠದ ಕಟ್ಟಡಗಳಿವೆ, ಸಂಘಗಳ ಕಟ್ಟಡಗಳಿವೆ, ವಕ್ಫ್ ಮಳಿಗೆಗಳಿವೆ. 2025ರ ಜೂನ್ 6ರಂದು ಕೇಂದ್ರ ಸರ್ಕಾರ 'ಉಮೀದ್' ಪೋರ್ಟಲ್ ತೆರೆದು, ವಕ್ಫ್ ಆಸ್ತಿಗಳ ವಿವರವನ್ನು 6 ತಿಂಗಳೊಳಗೆ ದಾಖಲಿಸಲು ಹೇಳಿತು. ಕಂಪ್ಯೂಟರ್ ಬಾರದ ಮುತವಲ್ಲಿಗೆ ಸ್ವಂತ ಆಸ್ತಿಯ ಕಾಗದಕ್ಕೂ ಇನ್ನೊಬ್ಬರ ಬೆರಳೇ ಗತಿ. ಹತ್ತು ಮಳಿಗೆಗಳ ಬಾಡಿಗೆ ಎಣಿಸುವ ಸಮಿತಿ ಒಂದು ಕೋಣೆಯನ್ನು ಊರಿನ ಎಲ್ಲ ಜಾತಿ ಧರ್ಮಗಳ ಮಕ್ಕಳ ಕಲಿಕೆಗೆ ಬಿಟ್ಟುಕೊಟ್ಟರೆ ಆಗುವ ನಷ್ಟವೇನು?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ ಎನ್ನುವವರಿದ್ದಾರೆ. ಮೊಬೈಲ್ ಹೆಚ್ಚಾಗಿ ನಮ್ಮನ್ನು ನೋಡುಗರನ್ನಾಗಿಸುತ್ತದೆ. ಲೆಕ್ಕಪತ್ರ ತಯಾರಿಸಲು, ಕನ್ನಡದಲ್ಲಿ ಟೈಪ್ ಮಾಡಲು, ಪ್ರೋಗ್ರಾಂ ಬರೆಯಲು ಕುಳಿತುಕೊಳ್ಳುವ ಜಾಗ ಬೇಕು, ಕೀಲಿಮಣೆ ಬೇಕು, ತಪ್ಪು ತಿದ್ದುವ ಒಬ್ಬ ಗುರು ಬೇಕು.

ಆದ್ದರಿಂದ ನಾಳೆ ಮಸ್ಕಿಯಲ್ಲೋ ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಹಳೆಯ ಕಟ್ಟಡವೊಂದು ಹೊಸ ಬಣ್ಣ ಹೊದ್ದು ನಿಂತರೆ ನಾವು ಕೆಲವು ಸರಳ ಪ್ರಶ್ನೆಗಳನ್ನು ಕೇಳೋಣ. ಬೀಗದ ಕೈ ಯಾರ ಬಳಿ ಇದೆ? ಕೂಲಿ ಮುಗಿಸಿ ಬಂದವನಿಗೆ ಸಂಜೆ ಏಳಕ್ಕೆ ಬಾಗಿಲು ತೆರೆದಿರುತ್ತದೆಯೇ? ಹೆಣ್ಣುಮಕ್ಕಳಿಗೆ ಶೌಚಾಲಯ, ದಾರಿಯಲ್ಲಿ ದೀಪ ಇದೆಯೇ? ಅಲ್ಲಿದ್ದ ಸಣ್ಣ ವ್ಯಾಪಾರಿಯನ್ನು ಎಬ್ಬಿಸಿ ಇದನ್ನು ಕಟ್ಟಲಾಯಿತೇ? ಕಲಿಸುವವರಿಗೆ ಪ್ರತಿ ತಿಂಗಳು ಸಂಬಳ ಸಿಗುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಕುರ್ಚಿಯ ಮೇಲೆ ಕುಳಿತವರು ಯಾರು?

ಸಣ್ಣವರಿಗೂ ಸಿಗಬಲ್ಲದು ಎಂಬ ಮಾತು ಮಸ್ಕಿಯ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಮೂಡಿತು. ಅದೇ ಊರಿನ ಮಕ್ಕಳು ಇನ್ನೂ ಕಿಟಕಿಯ ಈಚೆಗೆ ನಿಂತಿರುವುದು ನ್ಯಾಯವಲ್ಲ.