ಮೀಟಿಂಗ್ ಎಲ್ಲಿ ತೆರೆಯಬೇಕು?

ಬೆಂಗಳೂರಿನಲ್ಲಿ ಕೂತು ಅಮೆರಿಕದ ವರ್ಜೀನಿಯಾದಲ್ಲಿರುವ ಕ್ಲೌಡ್ ಕಂಪ್ಯೂಟರಿನಲ್ಲಿ ಕೆಲಸ ಮಾಡುವಾಗ ಹೇಗೋ ಸಾಗುತ್ತದೆ. ಅದರ ಸ್ಕ್ರೀನ್ ಶೇರ್ ಮಾಡಿದ ಕೂಡಲೇ ತಡವರಿಕೆ ಶುರು. ಪುಟ ಸರಿಸಿದರೆ ಅಕ್ಷರ ಮಸುಕು, ಮೌಸ್ ನಿಧಾನ, ಮಾತು ತುಂಡುತುಂಡು. ಇಂಟರ್ನೆಟ್ ಪ್ಲಾನ್ ಏರಿಸಿ, ಇಲ್ಲವೇ ದೊಡ್ಡ ಮೆಷಿನ್ ತಗೊಳ್ಳಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಖರ್ಚೇನೋ ಆಗುತ್ತದೆ, ಮೂಲ ಕಾರಣ ಮಾತ್ರ ಹಾಗೇ ಉಳಿಯುತ್ತದೆ. ಕ್ಲೌಡ್ ಮೆಷಿನ್ನಿನೊಳಗೇ ಇಡೀ ಮೀಟಿಂಗ್ ನಡೆಸುವ ರೂಢಿಯೇ ತಪ್ಪು.

ಅಲ್ಲಿ ಮೀಟಿಂಗ್ ಆ್ಯಪ್ ತೆರೆದರೆ ಒಂದೇ ಪರದೆಯನ್ನು ಎರಡು ಸಲ ಕಂಪ್ರೆಸ್ ಮಾಡಬೇಕು: ಒಮ್ಮೆ ನಿಮ್ಮ ಲ್ಯಾಪ್‌ಟಾಪಿಗಾಗಿ, ಇನ್ನೊಮ್ಮೆ ಮೀಟಿಂಗಿನ ಸರ್ವರಿಗಾಗಿ. 1920×1080 ಪರದೆಯನ್ನು ಕಂಪ್ರೆಸ್ ಮಾಡದೆ ಸೆಕೆಂಡಿಗೆ 30 ಫ್ರೇಮ್‌ನಂತೆ ಕಳಿಸಲು ಸೆಕೆಂಡಿಗೆ ಸುಮಾರು 1.5 ಗಿಗಾಬಿಟ್ ಬೇಕು. ಸಾಮಾನ್ಯ ಕ್ಲೌಡ್ ಮೆಷಿನ್‌ಗಳಲ್ಲಿ ಗ್ರಾಫಿಕ್ಸ್ ಕಾರ್ಡ್ ಇರುವುದಿಲ್ಲವಾದ್ದರಿಂದ ಈ ಹೊರೆಯೆಲ್ಲ ಸಿಪಿಯು ಮೇಲೆ ಬೀಳುತ್ತದೆ. ಮೀಟಿಂಗ್ ವಿಂಡೋದಲ್ಲಿ ಅಲುಗಾಡುವ ಮುಖಗಳನ್ನೂ ಕ್ಷಣಕ್ಷಣಕ್ಕೂ ನಿಮಗೆ ಕಳಿಸುತ್ತಿರಬೇಕು. ನಿಮ್ಮ ದನಿಯಂತೂ ಪಕ್ಕದ ಬಡಾವಣೆಯ ಸಹೋದ್ಯೋಗಿಗೆ ವರ್ಜೀನಿಯಾ ಸುತ್ತಿ ತಲುಪುತ್ತದೆ.

ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ. ಅಲ್ಲಿಗೆ ಹೋಗಿಬರಲು ನೇರ ದಾರಿಯಲ್ಲೇ 130 ಮಿಲಿಸೆಕೆಂಡ್ ದಾಟುತ್ತದೆ, ಕೇಬಲ್ಲಿನ ಬಳಸುದಾರಿಯಲ್ಲಿ ಇನ್ನೂ ಹೆಚ್ಚು. ಯಾವ ಪ್ಲಾನಿನಿಂದಲೂ ಇದು ಕಡಿಮೆಯಾಗದು. ಅಮೆಜಾನ್ 2016ರಲ್ಲೇ ಮುಂಬೈಯಲ್ಲಿ ಡೇಟಾ ಸೆಂಟರ್‌ಗಳನ್ನು ತೆರೆದಿದೆ. ನಿಯಮ ಒಪ್ಪುವುದಾದರೆ ಮೆಷಿನ್ನನ್ನು ಹತ್ತಿರಕ್ಕೆ ತರುವುದೇ ಮೊದಲ ಕೆಲಸ.

ಎರಡನೆಯದು ಸಾಗಣೆಯ ವಿಧಾನ. ದೂರದ ಮೆಷಿನ್ನಿನ ಪರದೆಯನ್ನು ಇಲ್ಲಿಗೆ ತಲುಪಿಸುವ ಮೈಕ್ರೋಸಾಫ್ಟ್‌ನ ಆರ್‌ಡಿಪಿ 2012ರ 8.0 ಆವೃತ್ತಿಯಿಂದಲೇ ಯುಡಿಪಿ ಬಳಸಬಲ್ಲದು. ಫೈರ್‌ವಾಲ್ ಟಿಸಿಪಿಯನ್ನಷ್ಟೇ ಬಿಟ್ಟರೆ ಆ ಅನುಕೂಲ ವ್ಯರ್ಥ. ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಕಳೆದುಹೋದರೆ, ಅದು ಮತ್ತೆ ಬರುವ ತನಕ ಅದರ ಹಿಂದಿನವೆಲ್ಲ ಕಾಯಬೇಕು; ಯುಡಿಪಿಯಲ್ಲಿ ಆ ಕಡ್ಡಾಯವಿಲ್ಲ. ವಿಪಿಎನ್ ಒಳಗೆ ಯುಡಿಪಿಗೂ ದಾರಿ ಬಿಡಿ.

ಮೀಟಿಂಗನ್ನು ಲ್ಯಾಪ್‌ಟಾಪಿನಲ್ಲೇ ತೆರೆದು ರಿಮೋಟ್ ವಿಂಡೋ ಶೇರ್ ಮಾಡುವವರಿದ್ದಾರೆ. ದನಿ ಸರಿಹೋಗುತ್ತದೆ, ಆದರೆ ಒಮ್ಮೆ ಕಂಪ್ರೆಸ್ ಆದ ಚಿತ್ರವನ್ನೇ ಮತ್ತೆ ಕಂಪ್ರೆಸ್ ಮಾಡುವುದರಿಂದ ಕೋಡಿನ ಸಣ್ಣ ಅಕ್ಷರಗಳು ಕಲಸಿಹೋಗುತ್ತವೆ, ಮನೆಯ ಅಪ್‌ಲೋಡೂ ಸಾಲದೆ ಹೋಗಬಹುದು. ಇದಕ್ಕಿಂತ ಎರಡೂ ಕಡೆಯಿಂದ ಮೀಟಿಂಗಿಗೆ ಸೇರುವುದು ಮೇಲು. ಮಾತು, ಕ್ಯಾಮೆರಾ ಲ್ಯಾಪ್‌ಟಾಪಿನಿಂದ. ಸ್ಕ್ರೀನ್ ಮಾತ್ರ ಕ್ಲೌಡ್‌ನಿಂದ. ಅಲ್ಲಿ ಮೈಕ್, ಸ್ಪೀಕರ್ ಎರಡನ್ನೂ ಮ್ಯೂಟ್ ಮಾಡಿ, ಮುಖಗಳ ವಿಂಡೋ ಮಿನಿಮೈಸ್ ಮಾಡಿ, ರೆಸಲ್ಯೂಷನ್ 1080ಕ್ಕೆ ಇಳಿಸಿ. 4ಕೆ ಪರದೆಯಲ್ಲಿ ಪಿಕ್ಸೆಲ್‌ಗಳು ಅದರ ನಾಲ್ಕು ಪಟ್ಟು. ಒಂದು ಕುಂದು ಉಳಿಯುತ್ತದೆ: ಪುಟ ನಿಮಗಿಂತ ಮೊದಲೇ ಕೇಳುಗರಿಗೆ ಕಾಣಿಸಬಹುದು. ಅಷ್ಟನ್ನು ಸಹಿಸಬಹುದು.

ಟೀಮ್ಸ್, ಝೂಮ್ ಎರಡರಲ್ಲೂ ವರ್ಚುವಲ್ ಡೆಸ್ಕ್‌ಟಾಪಿಗೆಂದೇ ದನಿ, ವಿಡಿಯೊಗಳನ್ನು ಲ್ಯಾಪ್‌ಟಾಪಿಗೆ ವರ್ಗಾಯಿಸುವ ಸೌಲಭ್ಯವಿದೆ. ಅದನ್ನು ಚಾಲೂ ಮಾಡಿಕೊಡಬೇಕಾದವರು ಐಟಿ ವಿಭಾಗದವರು. ಆ ಕೆಲಸ ಬಿಟ್ಟು, ನಿಮ್ಮ ಮನೆಯ ಇಂಟರ್ನೆಟ್ ಸರಿಯಿಲ್ಲ ಎಂದು ನೌಕರರ ಮೇಲೆ ಹಾಕುವುದು ಅನ್ಯಾಯ.