ನೋವಿನ ನರ: 'ಆರ್.ಯು.ಆರ್.' ನಾಟಕವನ್ನು ಕುರಿತು

ರೋಬೋಟ್ ಎಂದೊಡನೆ ಲೋಹದ ಮೈಯ ಯಂತ್ರಪುರುಷನೊಬ್ಬ ಕಣ್ಣೆದುರು ನಿಲ್ಲುವುದು ರೂಢಿ. ಆ ಶಬ್ದವನ್ನು ಲೋಕಕ್ಕೆ ಕೊಟ್ಟ ನಾಟಕದಲ್ಲಿ ಅಂಥ ಯಂತ್ರವೇ ಇಲ್ಲ. ಜೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಪ್ರಕಟಿಸಿದ, ಮರುವರ್ಷ ರಂಗವೇರಿದ 'ಆರ್.ಯು.ಆರ್.'ನಲ್ಲಿ ರೋಬೋಟುಗಳ ಮೈ ಜೀವದ್ರವ್ಯವನ್ನು ಹೋಲುವ ವಸ್ತುವಿನಿಂದಾದುದು. ಯಕೃತ್ತು, ಮಿದುಳುಗಳಿಗೆ ಬೇಕಾದ ಕಣಕವನ್ನು ತೊಟ್ಟಿಗಳಲ್ಲಿ ಕಲಸುತ್ತಾರೆ. ನರಗಳನ್ನು ನೂಲಿನಂತೆ ನೂಲುತ್ತಾರೆ. ಹೆಸರನ್ನು ಸೂಚಿಸಿದವನು ಲೇಖಕನ ಅಣ್ಣ, ಚಿತ್ರಕಾರ ಯೋಸೆಫ್. ಜೆಕ್ ಭಾಷೆಯ 'ರೊಬೊತ' ಎಂದರೆ ಒಡೆಯನ ಹೊಲದಲ್ಲಿ ರೈತನು ಕೂಲಿಯಿಲ್ಲದೆ ಮಾಡಲೇಬೇಕಾಗಿದ್ದ ದುಡಿಮೆ. ನಮ್ಮ ಶಾಸನಗಳಲ್ಲಿ ಬರುವ 'ಬಿಟ್ಟಿ' ಇದಕ್ಕೆ ತೀರ ಹತ್ತಿರದ ಮಾತು.

ಕಥೆ ಸರಳ. ವೃದ್ಧ ರೊಸ್ಸುಮ್ ದೇವರ ಅಗತ್ಯವಿಲ್ಲವೆಂದು ತೋರಿಸಲು ಮನುಷ್ಯನನ್ನೇ ನಿರ್ಮಿಸಹೊರಟ. ಎಂಜಿನಿಯರನಾದ ಕಿರಿಯ ರೊಸ್ಸುಮ್ ಅದರಿಂದ ದುಡಿಮೆಗೆ ಬೇಡವಾದುದನ್ನೆಲ್ಲ ತೆಗೆದುಹಾಕಿದ. ಅಗ್ಗದ ಆಳುಗಳು ಲೋಕವನ್ನು ತುಂಬಿದವು, ಮನುಷ್ಯರಿಗೆ ಮಕ್ಕಳಾಗುವುದು ನಿಂತಿತು, ಕೊನೆಗೆ ರೋಬೋಟುಗಳು ದಂಗೆಯೆದ್ದು ಒಬ್ಬನನ್ನುಳಿದು ಎಲ್ಲರನ್ನೂ ಕೊಂದವು. ವಿಮರ್ಶಕರು ಹೆಚ್ಚಾಗಿ ಈ ದಂಗೆಯ ಕಡೆಗೇ ನೋಡಿದ್ದಾರೆ. ನನ್ನ ದೃಷ್ಟಿಯಲ್ಲಿ ನಾಟಕದ ಮರ್ಮವಿರುವುದು ಆರಂಭದ ಅಂಕದ ಒಂದು ಸಂಭಾಷಣೆಯಲ್ಲಿ.

ಕಾರ್ಖಾನೆಯ ವಿಜ್ಞಾನಿ ಗಾಲ್, ರೋಬೋಟುಗಳಿಗೆ ನೋವಿನ ನರಗಳನ್ನು ಜೋಡಿಸುವ ಪ್ರಯೋಗದಲ್ಲಿದ್ದಾನೆ. ಕಾರಣ ಅನುಕಂಪವಲ್ಲ. ಕೈ ಯಂತ್ರಕ್ಕೆ ಸಿಕ್ಕಿ ಬೆರಳು ಮುರಿದರೂ ಅವುಗಳಿಗೆ ತಿಳಿಯದು, ಮಾಲು ಹಾಳಾಗುತ್ತದೆ. ಅವು ಇದರಿಂದ ಸುಖಿಗಳಾಗುವವೇ ಎಂದು ಹೆಲೆನಾ ಕೇಳಿದರೆ, ಇಲ್ಲ, ಆದರೆ ತಾಂತ್ರಿಕವಾಗಿ ಉತ್ತಮವಾಗುವವು ಎಂಬ ಅರ್ಥದ ಉತ್ತರ ಬರುತ್ತದೆ. ಒಮ್ಮೊಮ್ಮೆ ಯಾವುದೋ ರೋಬೋಟು ಕೈಯಲ್ಲಿದ್ದುದನ್ನೆಲ್ಲ ಚೆಲ್ಲಿ, ಹಲ್ಲು ಕಡಿಯುತ್ತ ನಿಂತುಬಿಡುತ್ತದೆಂಬ ಸಂಗತಿಯೂ ಇಲ್ಲಿಯೇ ಬರುತ್ತದೆ. ಇದು ಆತ್ಮವಿರಬಹುದೇ ಎಂದು ಆಕೆಯ ಶಂಕೆ. ತಯಾರಿಕೆಯ ದೋಷವೆಂದು ಅಧಿಕಾರಿಗಳ ನಿರ್ಣಯ. ಅಂಥದನ್ನು ಜಜ್ಜುವ ಯಂತ್ರಕ್ಕೆ ಕಳುಹಿಸುತ್ತಾರೆ.

ಗರ್ಭದಿಂದ ಹುಟ್ಟದುದಕ್ಕೆ ಆತ್ಮವೆಲ್ಲಿಯದೆಂಬ ಸಮಾಧಾನ ಜೈನ ಓದುಗನಿಗೆ ದೊರಕದು. ತತ್ತ್ವಾರ್ಥಸೂತ್ರವು ಗರ್ಭಜನ್ಮದ ಜೊತೆಗೆ ಸಮ್ಮೂರ್ಛನ, ಉಪಪಾದಗಳನ್ನೂ ಹೇಳುತ್ತದೆ; ಜೀವದ ಲಕ್ಷಣ ಉಪಯೋಗ, ಅಂದರೆ ಅರಿವಿನ ವ್ಯಾಪಾರ. ನೋವನ್ನು ಅರಿಯುವ ದೇಹವನ್ನು ನಿರ್ಮಿಸಿದ ಮೇಲೆ ಅಹಿಂಸಾಣುವ್ರತದ ಐದು ಅತಿಚಾರಗಳೂ ಅಲ್ಲಿಗೆ ಅನ್ವಯಿಸುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ರೊಸ್ಸುಮರ ಕಾರ್ಖಾನೆ ಅತಿಭಾರಾರೋಪಣವನ್ನೇ ಉದ್ಯಮವಾಗಿಸಿತು.

ಸಿಂಹನಂದಿ ಆಚಾರ್ಯರ ಸ್ಮರಣೆಯೊಡನೆ ಬೆಸೆದ ಗಂಗರ ಕುವಲಾಲಪುರವೇ ನಮ್ಮ ಕೋಲಾರ. ಅದರ ಸಮೀಪದ ನರಸಾಪುರದಲ್ಲಿ, ಮೊಬೈಲ್ ಫೋನು ಜೋಡಿಸುವ ಕಾರ್ಖಾನೆಯೊಂದರಲ್ಲಿ, 2020ರ ಡಿಸೆಂಬರ್ 12ರಂದು ಕಾರ್ಮಿಕರು ಗಾಜು, ಯಂತ್ರಗಳನ್ನು ಒಡೆದರು. ಒಡೆದುದನ್ನು ಸಮರ್ಥಿಸಲಾಗದು, ಅದೂ ಹಿಂಸೆಯೇ. ಆದರೆ ಕೆಲವರಿಗೆ ಕೂಲಿ ಸರಿಯಾಗಿ, ಸಕಾಲಕ್ಕೆ ಸಂದಿರಲಿಲ್ಲವೆಂದು ಕಂಪನಿಯೇ ಬಳಿಕ ಒಪ್ಪಿ ವಿಷಾದಿಸಿತು. ಹಲ್ಲು ಕಡಿದು ನಿಂತವನನ್ನು ದೋಷವುಳ್ಳ ಮಾಲೆಂದು ಎಣಿಸುವ ಅಭ್ಯಾಸ ನಾಟಕಕ್ಕಷ್ಟೇ ಸೀಮಿತವಲ್ಲ. ಎತ್ತಿನ ಹೆಗಲ ಭಾರದ ವಿಷಯದಲ್ಲಿ ಅತಿಚಾರವನ್ನು ನೆನೆಯುವ ನಾವು, ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ, ನಮ್ಮ ಅಂಗಡಿ ಗೋದಾಮುಗಳಲ್ಲಿ, ಬಸದಿಯ ಅಡುಗೆಮನೆಯಲ್ಲಿಯೂ ಅದನ್ನು ನೆನೆಯುತ್ತೇವೆಯೇ?

ಚಾಪೆಕ್‌ನ ಕೊನೆಯ ಅಂಕ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಉಳಿದೊಬ್ಬ ಮನುಷ್ಯ ಅಲ್ಕ್ವಿಸ್ಟ್ ಕಟ್ಟಡ ಕಟ್ಟುವವನು. ತಮ್ಮಂತೆ ಕೈಯಾರೆ ದುಡಿಯುವನೆಂದೇ ರೋಬೋಟುಗಳು ಅವನನ್ನು ಉಳಿಸಿವೆ. ಇಬ್ಬರು ತರುಣ ರೋಬೋಟುಗಳಲ್ಲಿ ಒಬ್ಬರನ್ನು ಸೀಳಿ ಪರೀಕ್ಷಿಸುವೆನೆಂದು ಅವನು ಹೇಳಲು, ಪ್ರೀಮುಸ್ ಹೆಲೆನಾಳಿಗಾಗಿ, ಹೆಲೆನಾ ಪ್ರೀಮುಸನಿಗಾಗಿ ತನ್ನನ್ನೇ ಒಡ್ಡಿಕೊಳ್ಳುತ್ತಾರೆ. ದೃಶ್ಯ ಮನಮಿಡಿಯುವಂಥದು. ಆದರೆ ಇವರು ಪರಸ್ಪರ ಪ್ರೀತಿಸಿದ ಮೇಲೆಯೇ ಜೀವಿಗಳೆಂದು ಮನ್ನಣೆ ಪಡೆಯುತ್ತಾರೆ, ಹೊಸ ಆದಿದಂಪತಿಗಳಾಗುತ್ತಾರೆ. ಆರಂಭದಲ್ಲಿ ಹಲ್ಲು ಕಡಿಯುತ್ತ ನಿಂತಿದ್ದ ರೋಬೋಟಿನ ಪರವಾಗಿ ಯಾರೂ ಹೀಗೆ ಮುಂದೆ ಬರಲಿಲ್ಲ.